ಅಕ್ಷರಮ್ಮ ಬಿಟ್ಟ ಮಾತು

ಆ ಮಾತು ಕಾಮೆಂಟರಿ ಹೇಳುವ ಕಂಚಣ್ಣನ ಬಾಯಿಂದ ಉದುರಿದಾಗ ಫುಟ್‌ಬಾಲ್ ಆಟ ಶುರುವಾಗಿ ಅರವತ್ತೆರಡು ನಿಮಿಷವಾಗಿತ್ತು. ಎಂಟನೇ ನಂಬರಿನ ಹುಡುಗ ಗೋಲಿನ ಹತ್ತಿರ ಚೆಂಡನ್ನು ತನ್ನವರಿಗೆ ಕೊಡುವ ಬದಲು ಎದುರು ಪಕ್ಷದವನ ಕಾಲಿಗೇ ಒಪ್ಪಿಸಿಬಿಟ್ಟ. ಹುಡುಗ ಕಪ್ಪಗಿದ್ದ, ಅವನ ಅಜ್ಜ ಯಾವ ಕಾಲದಲ್ಲೋ ಸಮುದ್ರ ದಾಟಿ ಬಂದವನು. ಕಂಚಣ್ಣ ಮೈಕಿನಲ್ಲಿ ನಗುತ್ತಲೇ ಅಂದ: "ಈ ಕರಿ ಜನಕ್ಕೆ ದೇವರು ಕಾಲು ಕೊಟ್ಟ, ತಲೆ ಕೊಡೋದು ಮರೆತ. ಇವರನ್ನ ಓಡಿಸ್ಬೇಕೇ ಹೊರತು ಯೋಚನೆ ಮಾಡೋಕೆ ಬಿಡಬಾರದು."

ಅದರ ಬೆನ್ನಿಗೇ ಟಿವಿ ಪರದೆಯ ಕೆಳಗೆ ಅಕ್ಷರಗಳು ಓಡಿದವು: "ಎಂಟನೇ ನಂಬರಿನ ಆಟಗಾರ ಚುರುಕಾಗಿ ಓಡುತ್ತಾನೆ. ಈ ಸಲ ಪಾಸು ತಪ್ಪಿತು."

ಅದನ್ನು ಟೈಪು ಮಾಡಿದವಳು ಅಕ್ಷರಮ್ಮ. ಅವಳ ನಿಜವಾದ ಹೆಸರು ಗುರುತಿನ ಚೀಟಿಯಲ್ಲಿತ್ತು, ಚೀಟಿ ಡ್ರಾಯರಿನಲ್ಲಿತ್ತು. ಕಿವಿ ಕೇಳದವರಿಗಾಗಿ ಆಟದ ಕಾಮೆಂಟರಿಯನ್ನು ಆಗಿಂದಾಗ ಸಬ್‌ಟೈಟಲ್ ಮಾಡಿ ಹಾಕುವುದು ಅವಳ ಕೆಲಸ. ಮೂರನೇ ಮಹಡಿಯಲ್ಲಿ ಲಿಫ್ಟಿನ ಪಕ್ಕ ಕಿಟಕಿಯಿಲ್ಲದ ಒಂದು ಕೋಣೆ, ಒಂದು ಕುರ್ಚಿ, ಒಂದು ಪರದೆ. ಹೆಡ್‌ಫೋನಿನ ಸ್ಪಂಜು ಉದುರಿಹೋಗಿ ಅದಕ್ಕೆ ಹಳೇ ಕಾಲುಚೀಲ ಕತ್ತರಿಸಿ ಹಾಕಿಕೊಂಡಿದ್ದಳು. ಕೀಲಿಮಣೆಯ ಮೇಲಿನ ಅಕ್ಷರಗಳೆಲ್ಲ ಅಳಿಸಿಹೋಗಿದ್ದವು, ಅವಳಿಗೆ ಅವು ಬೇಕಾಗಿಯೂ ಇರಲಿಲ್ಲ. ಒಂದು ಗುಂಡಿ ಒತ್ತಿದರೆ "ಗೋಲ್", ಇನ್ನೊಂದಕ್ಕೆ "ರೆಫರಿ ಸೀಟಿ ಊದಿದರು." ಕಂಚಣ್ಣನಂಥ ವಾಚಾಳಿಯ ಹಿಂದೆ ಬೀಳುವುದೆಂದರೆ ಸುಮ್ಮನೆ ಮಾತಲ್ಲ, ಅವನು ಉಸಿರೆಳೆದುಕೊಳ್ಳುವಾಗ ಮಾತ್ರ ಇವಳಿಗೂ ಉಸಿರು.

ಕಿವಿಗೆ ಬಿದ್ದದ್ದು ಹಾಗೇ ಬೆರಳಿಗೆ ಇಳಿಯಬೇಕು, ನಡುವೆ ಯಾರೂ ಬರಬಾರದು ಎಂಬುದು ಆ ಕೆಲಸದ ನಿಯಮ. ಅಕ್ಷರಮ್ಮನಿಗೆ ಮಾತ್ರ ನಡುವೆ ಅಕ್ಕ ಬರುತ್ತಿದ್ದಳು.

ಅಕ್ಕನಿಗೆ ಕಿವಿ ಕೇಳಿಸದು. ಆರನೇ ವಯಸ್ಸಿನಲ್ಲಿ ಬಂದ ಜ್ವರ ಹೋಗುವಾಗ ಕಿವಿಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಈಗ ಅವಳಿಗೆ ಐವತ್ತೆರಡು. ಪುಸ್ತಕ ಬೈಂಡಿಂಗ್ ಮಾಡುವ ಅಂಗಡಿಯಲ್ಲಿ ಹಾಳೆ ಹೊಲಿಯುವುದು, ರಟ್ಟು ಅಂಟಿಸುವುದು. ತಂಗಿಗೆ ನಲವತ್ತೆಂಟು. ಇಬ್ಬರೂ ಮದುವೆಯ ತಂಟೆಗೆ ಹೋಗಲಿಲ್ಲ, ಅದಕ್ಕೆ ಅವರ ಕಾರಣ ಅವರಿಗೆ, ನಮಗೇಕೆ ಆ ಉಸಾಬರಿ. ಅಕ್ಕನಿಗೆ ಫುಟ್‌ಬಾಲ್ ಹುಚ್ಚು. ಆಟವಿದ್ದ ದಿನ ಕುರ್ಚಿ ಎಳೆದುಕೊಂಡು ಟಿವಿಗೆ ಮೂಗು ತಾಗುವಷ್ಟು ಹತ್ತಿರ ಕೂತು, ತಂಗಿಯ ಅಕ್ಷರ ಒಂದೂ ಬಿಡದೆ ಓದುತ್ತಿದ್ದಳು. ಸಾವಿರಾರು ಜನ ಓದುತ್ತಾರೆ ಎಂದು ಚಾನೆಲ್ಲಿನವರು ಹೇಳುತ್ತಿದ್ದರು. ಅಕ್ಷರಮ್ಮ ಒಂಬತ್ತು ವರ್ಷ ಬರೆದದ್ದು ಒಬ್ಬಳಿಗೆ.

ಅಕ್ಕನದು ಅಪ್ಪನ ಬಣ್ಣ, ಒಳ್ಳೇ ಕಪ್ಪು. ತಂಗಿಯದು ಅಮ್ಮನ ಬಣ್ಣ. ಕಿವಿ ಕೇಳದ ಹುಡುಗಿಯ ಎದುರಿಗೆ ಜನ ಬಾಯಿಗೆ ಬಂದದ್ದು ಆಡುತ್ತಾರೆ, ಗೋಡೆಯ ಮುಂದೆ ಆಡಿದ ಹಾಗೆ. ದೊಡ್ಡಮ್ಮ ಒಮ್ಮೆ ಮೆಟ್ಟಿಲ ಮೇಲೆ ಕೂತು, "ಇದನ್ನ ಸಂಜೆ ಹೊತ್ತು ಹೊರಗೆ ಬಿಟ್ರೆ ದೀಪ ಹಿಡ್ಕೊಂಡು ಹುಡುಕ್ಬೇಕು," ಎಂದಳು. ಅಕ್ಕ ತಂಗಿಯ ಫ್ರಾಕು ಜಗ್ಗಿ, ಏನಂದರು ಎಂದು ಕೇಳಿದಳು. ಐದು ವರ್ಷದ ತಂಗಿ ಸ್ವಲ್ಪವೂ ತಡವರಿಸದೆ ಕೈಯಲ್ಲಿ ಹೇಳಿದಳು: ನಿನ್ನ ಕೂದಲು ಚೆನ್ನಾಗಿದೆ ಅಂದ್ರು. ಆವತ್ತಿಂದ ಅದೇ ರೂಢಿ. ಕೆಟ್ಟದ್ದು ಕಿವಿಗೆ ಬಿದ್ದರೆ ಒಳ್ಳೆಯದಾಗಿ ಕೈಗಿಳಿಯುವುದು ಅವಳಿಗೆ ನೀರು ಕುಡಿದಷ್ಟು ಸಲೀಸಾಯಿತು. ಕೆಲಸಕ್ಕೆ ಸೇರಿದ ಮೇಲೂ ಬೈಗುಳ, ಕೀಟಲೆ, ಆಟಗಾರರ ಹೆಂಡತಿಯರ ಮೇಲಿನ ಹಾಳು ಜೋಕು, ಎಲ್ಲವನ್ನೂ ಒರೆಸಿ ಹಾಕಿದಳು. ಒಂಬತ್ತು ವರ್ಷ ಯಾರಿಗೂ ಗೊತ್ತಾಗಲಿಲ್ಲ. ಓದುವವರಿಗೆ ಕೇಳಿಸುವುದಿಲ್ಲ, ಕೇಳಿಸುವವರು ಓದುವುದಿಲ್ಲ, ಹಿಡಿಯುವವರು ಯಾರು?

ಮರುದಿನ ಬೆಳಗಾಗುವುದರಲ್ಲಿ ಊರಿಗೆ ಊರೇ ಹೊತ್ತಿಕೊಂಡಿತು. ಯಾರೋ ತಮ್ಮ ಮನೆಯ ಟಿವಿಯ ಸದ್ದನ್ನು ಫೋನಿನಲ್ಲಿ ಹಿಡಿದು ಎಲ್ಲ ಕಡೆ ಹಂಚಿದ್ದರು. ಪತ್ರಿಕೆಗಳು ಬರೆದವು. ಬೇರೆ ಚಾನೆಲ್ಲುಗಳಿಗೆ ಹಬ್ಬವೋ ಹಬ್ಬ. ನಾಲ್ಕು ಜನರನ್ನು ಕೂರಿಸಿ ಮೂರು ಹೊತ್ತೂ ಕೂಗಾಡಿಸಿದರು. ಹುಡುಗನ ತಾಯಿ ಮಾತ್ರ ಬಾಗಿಲಲ್ಲಿ ನಿಂತು, "ಅವನು ಇದನ್ನ ಕೇಳ್ತಿರೋದು ಇವತ್ತೇ ಅಲ್ಲ, ನೀವು ಕೇಳಿದ್ದು ಇವತ್ತು," ಎಂದು ಬಾಗಿಲು ಹಾಕಿಕೊಂಡಳು.

ಕಂಚಿನ ಕಂಠಕ್ಕಾಗಿ ಕಂಚಣ್ಣ ಎಂದು ಹೆಸರು ಪಡೆದವನು ಆ ಕಂಠವನ್ನು ತಗ್ಗಿಸಿ ಹೇಳಿಕೆ ಕೊಟ್ಟ: ನಾನು ಹಾಗೆ ಅನ್ನಲೇ ಇಲ್ಲ, ಈಗಿನ ಕಂಪ್ಯೂಟರು ಯಾರ ಗಂಟಲಲ್ಲಿ ಏನು ಬೇಕಾದರೂ ಹೇಳಿಸುತ್ತದೆ. ಚಾನೆಲ್ಲಿನ ಸ್ವಂತ ಧ್ವನಿಮುದ್ರಿಕೆ ಎಲ್ಲಿ ಎಂದರೆ, ಹುಡುಕುತ್ತಿದ್ದೇವೆ, ಸಿಗುತ್ತಿಲ್ಲ. ಎಂಥ ಮುಖ ಇಟ್ಟುಕೊಂಡು ಹೇಳಿದರೋ. ಆದರೆ ಒಂದು ಸಿಕ್ಕಿತು ನೋಡಿ: ಅರವತ್ತೆರಡನೇ ನಿಮಿಷದ ಸಬ್‌ಟೈಟಲು, ಗಂಟೆ ನಿಮಿಷದ ಗುರುತಿನೊಂದಿಗೆ.

ಶನಿವಾರ ಮ್ಯಾನೇಜರು ಅವಳನ್ನು ಕರೆಸಿದರು. ಒಳಗೆ ವಕೀಲರು, ಕಂಚಣ್ಣ, ಮೇಜಿನ ಮೇಲೆ ಒಂದು ಹಾಳೆ. "ಕೇಳಿದ್ದನ್ನು ಕೇಳಿದ ಹಾಗೆಯೇ ಟೈಪು ಮಾಡುತ್ತೇನೆ" ಎಂದು ಅದರಲ್ಲಿ ಬರೆದಿತ್ತು.

"ಒಂದು ಸಹಿ ಅಷ್ಟೆ ಅಕ್ಷರಮ್ಮ. ಸೋಮವಾರ ಹನ್ನೊಂದಕ್ಕೆ ಪತ್ರಿಕೆಯವರು ಬರ್ತಾರೆ, ಅವರ ಮುಂದೆ ಮಾಡಿದ್ರೆ ಸಾಕು," ಎಂದರು ವಕೀಲರು.

ಕಂಚಣ್ಣ ಎದ್ದು ಬಂದು ಪಕ್ಕದಲ್ಲಿ ನಿಂತ. "ಇಪ್ಪತ್ತು ವರ್ಷದ ಮಾನ ನಿನ್ನ ಕೈಲಿದೆ ತಂಗಿ. ಬಾಯ್ತಪ್ಪಿ ಬರತ್ತೆ. ಯಾರ ಮನಸ್ಸಿಗೂ ನೋವು ಮಾಡ್ಬೇಕು ಅಂತ ನಾನು ಅಂದಿದ್ದಲ್ಲ."

ಅಂದದ್ದಲ್ಲವಂತೆ, ಆದರೆ ಬಾಯ್ತಪ್ಪಿ ಬಂತಂತೆ. ಮನುಷ್ಯ ಕೆಟ್ಟವನೆಂದು ಹೇಳಲೂ ಬಾಯಿ ಬಾರದು. ಹಿಂದಿನ ವರ್ಷ ಅವಳ ಬೆನ್ನು ಹಿಡಿದುಕೊಂಡಾಗ ಒಳ್ಳೆಯ ಕುರ್ಚಿ ಹಾಕಿಸಿದವನು ಅವನೇ. ಅಕ್ಷರಮ್ಮ, "ಸೋಮವಾರ ಅಲ್ವಾ ಸರ್," ಎಂದಷ್ಟೇ ಹೇಳಿ ಹೊರಬಿದ್ದಳು. ಸಹಿ ಹಾಕಿಬಿಡುವುದೇ ಸರಿ ಎಂದು ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದಳು. ಇಲ್ಲವೆಂದರೆ ಒಂಬತ್ತು ವರ್ಷ ಒರೆಸಿದ್ದು ಹೊರಗೆ ಬರುತ್ತದೆ, ಕೆಲಸ ಹೋಗುತ್ತದೆ. ಕೆಲಸ ಹೋದರೂ ಹೋಗಲಿ, ಅಕ್ಕನಿಗೆ ಗೊತ್ತಾಗುತ್ತದೆ. ಅವಳಿಗೆ ಹೆದರಿಕೆ ಇದ್ದದ್ದು ಅದಕ್ಕೆ.

ಭಾನುವಾರ ಬೆಳಗ್ಗೆ ಅಕ್ಕ ಒಂದು ಕಾಗದ ತಂದು ಅವಳ ಮುಂದೆ ಹರವಿದಳು. ಅಕ್ಕನ ಮಾತೆಲ್ಲ ಕೈಯಲ್ಲೇ, ಇಲ್ಲಿ ಬಾಯಿಮಾತಿನ ಹಾಗೆ ಬರೆದಿದೆ ಅಷ್ಟೆ.

"ಓದು. ನಾಳೆ ಪತ್ರಿಕೆ ಆಫೀಸಿಗೆ ಕೊಟ್ಟು ಬರ್ತೀನಿ."

ಕಿವಿ ಕೇಳದವರ ಸಂಘದಿಂದ ಪತ್ರ. ಆಟವನ್ನು ನಾವೂ ನೋಡಿದ್ದೇವೆ, ಪ್ರತಿ ಅಕ್ಷರ ಓದಿದ್ದೇವೆ, ಅಂಥ ಮಾತು ಅಲ್ಲಿರಲಿಲ್ಲ, ಆ ಮನುಷ್ಯನ ಮೇಲೆ ಸುಮ್ಮನೆ ಗೂಬೆ ಕೂರಿಸಬೇಡಿ. ಕೆಳಗೆ ಮೂವತ್ತೊಂದು ಸಹಿ. ಮೊದಲನೆಯದು ಅಕ್ಕನದು.

"ಅಂಗಡಿಯಲ್ಲಿ ಎಲ್ಲಾ ನನ್ನ ಮೇಲೆ ಬಿದ್ರು," ಅಕ್ಕನ ಕೈ ಭರಭರ ಓಡುತ್ತಿತ್ತು. "ನಾವು ಕಿವಿಯಾರೆ ಕೇಳಿದ್ವಿ ಅಂತಾರೆ. ಕೇಳಿದ್ರೇನು, ನನ್ನ ತಂಗಿ ಒಂದಕ್ಷರ ಬಿಡೋಳಲ್ಲ ಅಂದೆ. ಜಗಳ ಆಡಿದೆ. ಅಂಟಿನ ಡಬ್ಬಿ ಎತ್ತಿ ಕುಕ್ಕಿದೆ."

ಅಕ್ಷರಮ್ಮ ಅವಳ ಮುಖ ನೋಡಿದಳು. ಕಪ್ಪು ಮುಖ ಹೆಮ್ಮೆಯಿಂದ ಬೀಗಿತ್ತು. ಯಾರನ್ನು ಬಚಾವು ಮಾಡಲು ಹೊರಟಿದ್ದಾಳೆ ಇವಳು? ನಾಳೆ ಈ ಮುಖ ಪತ್ರಿಕೆಯಲ್ಲಿ ಬಂದು, ಊರೆಲ್ಲ ನಕ್ಕು, ಅವಳಿಗೆ ಮಾತ್ರ ಯಾಕೆ ನಗುತ್ತಿದ್ದಾರೆಂದು ಗೊತ್ತಾಗದೆ ಹೋದರೆ? ಆಗ ತಾನು ಪಕ್ಕದಲ್ಲಿ ನಿಂತು, ನಿನ್ನ ಕೂದಲು ಚೆನ್ನಾಗಿದೆ ಅಂತಿದ್ದಾರೆ ಅನ್ನಬೇಕೇನು? ಅಕ್ಷರಮ್ಮನಿಗೆ ತನ್ನ ಮೇಲೇ ಅಸಹ್ಯ ಹುಟ್ಟಿತು.

"ಅಕ್ಕ, ಅವನು ಅಂದಿದ್ದು ಹೌದು. ನಾನು ಬರೀಲಿಲ್ಲ," ಎಂದಳು.

ಅಕ್ಕನಿಗೆ ಅರ್ಥವಾಗಲಿಲ್ಲ. ಇನ್ನೊಂದು ಸಲ ಹೇಳಿದಳು. ಇದು ಮೊದಲನೆಯದಲ್ಲ ಎಂದೂ ಹೇಳಿದಳು. ಕೆಲಸಕ್ಕೆ ಸೇರಿದಾಗಿನಿಂದ, ಅದಕ್ಕೂ ಮುಂಚೆ, ಚಿಕ್ಕಂದಿನಿಂದ.

ಅಕ್ಕ ಕಾಗದದ ಮೇಲಿನ ತನ್ನ ಸಹಿ ನೋಡಿದಳು. ಆಮೇಲೆ ಕೈಯೆತ್ತಿ, "ಏನಂದ? ಪತ್ರಿಕೆಯಲ್ಲಿದ್ದದ್ದು ಬೇಡ, ನೀನು ಕೇಳಿದ ಹಾಗೇ ಹೇಳು," ಎಂದಳು.

ಅಕ್ಷರಮ್ಮನ ಕೈ ಆ ಮಾತನ್ನು ಆಡಿತು. ಕರಿ ಜನ, ಕಾಲು, ತಲೆ, ಎಲ್ಲ. ಅಂಥದ್ದನ್ನು ಆ ಕೈ ಹಿಂದೆಂದೂ ಆಡಿರಲಿಲ್ಲ. ಅಕ್ಕ ಕಾಗದವನ್ನು ನಾಲ್ಕಾಗಿ ಮಡಚಿ ಚೀಲಕ್ಕೆ ಹಾಕಿಕೊಂಡಳು, ಚಪ್ಪಲಿ ಮೆಟ್ಟಿದಳು.

"ನಡಿ. ಮೂವತ್ತು ಜನ ಇದ್ದಾರೆ. ನೀನೇ ಹೇಳ್ಬೇಕು."

ಆ ಭಾನುವಾರ ಅಕ್ಷರಮ್ಮ ಹತ್ತಿದ ಮೆಟ್ಟಿಲುಗಳ ಎಣಿಕೆ ಅವಳ ಮೊಣಕಾಲಿಗೇ ಗೊತ್ತು. ಪ್ರತಿ ಬಾಗಿಲಲ್ಲೂ ಗಂಟೆಯ ಬದಲು ಒಳಗೆ ದೀಪ ಹೊತ್ತಿಸುವ ಗುಂಡಿ ಒತ್ತುವುದು, ಬಾಗಿಲು ತೆರೆದವರ ಮುಂದೆ ನಿಂತು ಮೊದಲು ಕಂಚಣ್ಣನ ಮಾತು ಆಡಿ, ಆಮೇಲೆ ಅದನ್ನು ತಾನು ಒರೆಸಿದ್ದು ಹೇಳುವುದು. ಅಕ್ಕ ಎರಡು ಹೆಜ್ಜೆ ಹಿಂದೆ, ಪೊಲೀಸಿನವನ ಹಾಗೆ ಕೈಕಟ್ಟಿ ನಿಂತಿರುತ್ತಿದ್ದಳು. ಒಬ್ಬ ಬಡಗಿ ಬೈದು ಬಾಗಿಲು ಮುಖಕ್ಕೆ ಹಾಕಿದ. ಒಬ್ಬಳು ಶಾಲೆಯ ಮೇಡಂ, "ನಾವೇನು ಮಕ್ಕಳಾ, ಆರಿಸಿ ಆರಿಸಿ ತಿನ್ನಿಸೋಕೆ?" ಎಂದು ಕೇಳಿದಳು. ನಿವೃತ್ತನಾದ ಒಬ್ಬ ಮುದುಕ ಮಾತ್ರ ಕಣ್ಣರಳಿಸಿ, ಹಾಗಾದರೆ ಹೋದ ವರ್ಷ ಫೈನಲ್ಲಿನಲ್ಲಿ ಗೋಲು ತಪ್ಪಿದಾಗ ಕಂಚಣ್ಣ ಏನಂದಿದ್ದ ಎಂದು ವಿಚಾರಿಸಿದ. ಅಕ್ಷರಮ್ಮ ಇದ್ದದ್ದು ಇದ್ದ ಹಾಗೆ ಹೇಳಿದಳು. ಮುದುಕ ಹೊಟ್ಟೆ ಹಿಡಿದುಕೊಂಡು ನಕ್ಕ, ಹೆಂಡತಿಯನ್ನು ಕರೆದು ಅವಳಿಗೂ ಹೇಳಿಸಿದ. ಹತ್ತನೇ ಬಾಗಿಲ ಹೊತ್ತಿಗೆ ಕೈ ತಡವರಿಸದೆ ಆ ಮಾತು ಆಡುತ್ತಿತ್ತು.

ಸೋಮವಾರ ಹನ್ನೊಂದಕ್ಕೆ ಪತ್ರಿಕೆಯವರು ಬರುವ ಮುಂಚೆಯೇ ಅವಳು ಮ್ಯಾನೇಜರ ಕೋಣೆಗೆ ಹೋಗಿ, ಹಾಳೆಯಲ್ಲಿ ಬರೆದದ್ದು ಸುಳ್ಳು, ತಾನು ಕೇಳಿದ ಹಾಗೆ ಟೈಪು ಮಾಡುವವಳಲ್ಲ, ಆವತ್ತೂ ಮಾಡಲಿಲ್ಲ ಎಂದಳು. ವಕೀಲರು ಪೆನ್ನಿನ ಮುಚ್ಚಳ ಹಾಕಿದರು. ಕಂಚಣ್ಣನ ಮುಖ ಹುಳ್ಳಗಾಯಿತು.

"ಇದನ್ನ ಮೊದಲೇ ಹೇಳೋಕೆ ಏನಾಗಿತ್ತು ರೀ?" ಮ್ಯಾನೇಜರು ರೇಗಿದರು.

"ಮೊದಲೇ ಅಂದ್ರೆ ಒಂಬತ್ತು ವರ್ಷದ ಹಿಂದೆ ಹೇಳ್ಬೇಕಿತ್ತು ಸರ್. ತಪ್ಪು ನಂದೇ. ಅಣ್ಣ, ನೀವು ಅಂದಿದ್ದು ನೀವೇ ಹೊತ್ಕೊಳಿ, ನಾನು ಒರೆಸಿದ್ದು ನಾನು ಹೊತ್ಕೊತೀನಿ."

ಕಾಣೆಯಾಗಿದ್ದ ಧ್ವನಿಮುದ್ರಿಕೆ ಮಧ್ಯಾಹ್ನದ ಹೊತ್ತಿಗೆ ಯಾರೂ ಹುಡುಕದೆ ತಾನಾಗಿಯೇ ಸಿಕ್ಕಿತು. ಸಂಜೆ ಕಂಚಣ್ಣ, ಯಾರಿಗಾದರೂ ನೋವಾಗಿದ್ದರೆ ಎಂದು ಶುರುಮಾಡಿದ. ಆ "ಆಗಿದ್ದರೆ"ಗೆ ಇನ್ನಷ್ಟು ಉಗಿಸಿಕೊಂಡು, ಮರುದಿನ ನೇರವಾಗಿ ತಪ್ಪೊಪ್ಪಿಕೊಂಡ. ಆ ವರ್ಷದ ಉಳಿದ ಆಟಗಳಿಗೆ ಬೇರೊಬ್ಬ ಬಂದ. ಅಕ್ಷರಮ್ಮನನ್ನು ಮನೆಗೆ ಕಳಿಸುವುದೆಂದೇ ಮಾತಾಗಿತ್ತು, ಅಷ್ಟರಲ್ಲಿ ಸಂಘದ ಹೊಸ ಪತ್ರ ಬಂತು: ನಮಗೆ ಇವಳೇ ಇರಲಿ, ಕೈ ಚುರುಕಿದೆ, ಆದರೆ ಇನ್ನು ಮೇಲೆ ಎಲ್ಲ ಬೇಕು, ಕೊಳಕೂ ಬೇಕು. ಮೂವತ್ತು ಸಹಿ. ಬಡಗಿಯದೂ ಇತ್ತು. ಎರಡು ವಾರ ಮನೆಯಲ್ಲಿರಿ, ಆಮೇಲೆ ಬನ್ನಿ ಎಂದರು. ಅವಳಿಗೆ ಎದೆಯ ಮೇಲಿನ ಚಪ್ಪಡಿ ಅರ್ಧ ಇಳಿದ ಹಾಗಾಯಿತು. ಪೂರ್ತಿ ಯಾಕಲ್ಲ ಎಂದರೆ, ಆ ಸಹಿಗಳಲ್ಲಿ ಅಕ್ಕನದು ಇರಲಿಲ್ಲ.

ಅಕ್ಕ ಮಾತಾಡುತ್ತಿರಲಿಲ್ಲ. ಬೀಗದ ಕೈ ಎಲ್ಲಿ, ನೀರು ಬಂತಾ, ಅಷ್ಟೆ. ಉಳಿದ ಹೊತ್ತು ಅವಳ ಕೈ ಮಡಿಲಲ್ಲಿ ಸುಮ್ಮನೆ ಬಿದ್ದಿರುತ್ತಿತ್ತು. ಇವಳು ಏನಾದರೂ ಹೇಳಹೊರಟರೆ ಮುಖ ಆ ಕಡೆಗೆ ತಿರುಗಿಸುತ್ತಿದ್ದಳು; ಕಿವಿ ಕೇಳದವರಿಗೆ ಬಾಗಿಲು ಹಾಕಿಕೊಳ್ಳಲು ಅಷ್ಟು ಸಾಕು. ಅಕ್ಷರಮ್ಮ ಅನ್ನ ಕಲಸಿಕೊಂಡು ತಿನ್ನದೆ ಎದ್ದಳು. ಇನ್ನು ಇವಳು ನನ್ನ ಒಂದು ಮಾತನ್ನೂ ನಂಬಲಾರಳು ಎಂದುಕೊಂಡಳು, ನಂಬದಿದ್ದರೆ ತಪ್ಪೇನು ಎಂದೂ ಅಂದುಕೊಂಡಳು.

ಗುರುವಾರ ಇನ್ನೂ ಬೆಳಕಿರುವಾಗಲೇ ಅಕ್ಕ ಕೆಲಸದಿಂದ ಬಂದು, ಕೈಗಂಟಿದ ಗೋಂದು ತೊಳೆದುಕೊಂಡು, ಟಿವಿ ಆರಿಸಿದಳು. ಕುರ್ಚಿಯನ್ನು ತಂಗಿಯ ಎದುರಿಗೆ ತಿರುಗಿಸಿ ಕೂತಳು.

"ಎಲ್ಲಾ ಹೇಳು."

"ಎಲ್ಲಾ ಅಂದ್ರೆ?"

"ಎಲ್ಲಾ. ಚಿಕ್ಕಂದಿನಿಂದ. ಒರೆಸಿದ್ಯೋ, ನೋಡು ಮತ್ತೆ."

ಅಕ್ಷರಮ್ಮ ಹೇಳಿದಳು. ದೊಡ್ಡಮ್ಮ ಹೇಳಿದ ದೀಪದ ಮಾತು. ಚಪ್ಪಲಿ ಅಂಗಡಿಯವನು, ಇವಳಿಗೆ ಕಪ್ಪು ಚಪ್ಪಲಿ ಕೊಟ್ಟರೆ ಕಾಲು ಎಲ್ಲಿ ಮುಗಿಯಿತೆಂದು ತಿಳಿಯುವುದಿಲ್ಲ ಎಂದದ್ದು. ಫೋಟೋ ತೆಗೆಯುವವನು, ಆ ಕಪ್ಪು ಹುಡುಗೀನ ಹಿಂದೆ ನಿಲ್ಲಿಸಿ, ಚಿತ್ರ ಕೆಡುತ್ತೆ ಎಂದದ್ದು.

ಅಕ್ಕ ಕೈಯೆತ್ತಿ ತಡೆದಳು. "ನಾನು ಎತ್ತರ ಅಂತ ಹಿಂದೆ ಕಳಿಸಿದ್ರು ಅಂದಿದ್ದೆ ನೀನು."

"ಹೂಂ."

"ನಾನು ಕುಳ್ಳಿ ಕಣೇ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮೊದಲು ನಕ್ಕದ್ದು ಯಾರೆಂದು ಹೇಳುವುದು ಕಷ್ಟ. ಒಬ್ಬರ ಹೆಗಲ ಮೇಲೊಬ್ಬರು ಬಿದ್ದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಕ್ಕ ಮೂಗು ಒರೆಸಿಕೊಂಡು, ಮುಂದೆ ಎಂದು ಸನ್ನೆ ಮಾಡಿದಳು.

ಮುಂದಿನದು ಅಕ್ಷರಮ್ಮ ಯಾರಿಗೂ ಹೇಳದೆ ಇಟ್ಟುಕೊಂಡದ್ದು. ಹನ್ನೊಂದು ವರ್ಷದವಳಿದ್ದಾಗ ಹೊಸ ಗೆಳತಿಯೊಬ್ಬಳು ಮನೆಗೆ ಬಂದು, ಆ ಕಪ್ಪು ಹುಡುಗಿ ನಿಮ್ಮ ಮನೆ ಕೆಲಸದವಳಾ ಎಂದು ಕೇಳಿದ್ದಳು.

"ನಾನು ಹೂಂ ಅಂದೆ," ಎಂದಳು. "ನಿನಗೆ, ಆಟಕ್ಕೆ ಬರ್ತೀಯಾ ಅಂತ ಕೇಳ್ತಿದಾಳೆ ಅಂದೆ."

ಅಕ್ಕ ಮುಂದಕ್ಕೆ ಬಾಗಿ ತಂಗಿಯ ತಲೆಗೆ ಒಂದು ಸಲ ಮೊಟಕಿದಳು, ಚೆನ್ನಾಗಿ ನೋಯುವ ಹಾಗೆ. ಅಕ್ಷರಮ್ಮನ ಕಣ್ಣು ತುಂಬಿತು, ನೋವಿಗಲ್ಲ.

"ಅಮ್ಮನ ವಿಷಯ?" ಅಕ್ಕ ಕೇಳಿದಳು.

"ಅಮ್ಮನ ಯಾವ ವಿಷಯ?"

ಅಕ್ಕನ ಕೈ ಮೇಲಕ್ಕೆದ್ದು ನಿಂತಿತು, ಇಳಿಯಿತು, ಮತ್ತೆ ಎದ್ದಿತು. ಅವಳಿಗೆ ಜ್ವರ ಬಂದಾಗ ಆರೈಕೆ ಮಾಡಿದವಳು ಅಮ್ಮ. ಅದೇ ಜ್ವರ ಅಮ್ಮನಿಗೆ ತಗುಲಿತು, ಒಂಬತ್ತೇ ದಿನದಲ್ಲಿ ಹೋಗಿಬಿಟ್ಟಳು. ತಂಗಿಗೆ ಆಗ ಎರಡು ವರ್ಷ, ಅಮ್ಮನ ಮುಖ ನೆನಪಿಲ್ಲ.

"ಜನ ನನ್ನ ನೋಡಿ ತುಟಿ ಅಲ್ಲಾಡಿಸಿ ತಲೆ ಆಡಿಸೋರು. ನಿನ್ನ ಕೇಳಿದ್ರೆ ಕೂದಲು ಚೆನ್ನಾಗಿದೆ ಅಂತಿದ್ದೆ. ಕೂದಲು ನೋಡಿ ಯಾರೂ ಹಾಗೆ ಮುಖ ಮಾಡಲ್ಲ. ಅಮ್ಮನ್ನ ತಿಂದ್ಕೊಂಡವಳು ಅಂತಿದಾರೆ, ನೀನು ಮುಚ್ಚಿಡ್ತಿದೀಯ ಅಂದ್ಕೊಂಡೆ."

"ಯಾವಾಗಿಂದ?"

"ಆವಾಗಿಂದ."

ಅಕ್ಷರಮ್ಮ ವರ್ಷ ಲೆಕ್ಕ ಹಾಕಿದಳು. ನಲವತ್ತು ವರ್ಷಕ್ಕೂ ಮೇಲೆ ಇವಳು ಇದನ್ನು ಹೊತ್ತು ತಿರುಗಿದಳು, ನಾನು ಪಕ್ಕದಲ್ಲೇ ಇದ್ದು ಹೊರಿಸಿದೆ.

"ಯಾರೂ ಅಂದಿಲ್ಲ ಅಕ್ಕ. ಒಬ್ಬರೂ, ಒಂದು ಸಲವೂ ಅಂದಿಲ್ಲ."

ಹೇಳಿದ ಮೇಲೆ ಅವಳಿಗೆ ಭಯವಾಯಿತು. ಹೋದ ವಾರ ಇದೇ ಮಾತು ಹೇಳಿದ್ದರೆ ಅಕ್ಕ ನಂಬುತ್ತಿರಲಿಲ್ಲ, ಒರೆಸಿ ಹೇಳುತ್ತಿದ್ದಾಳೆ ಎಂದುಕೊಂಡು ತಲೆಯಾಡಿಸುತ್ತಿದ್ದಳು. ಅಕ್ಕ ಅವಳ ಮುಖವನ್ನು ಹಾಳೆ ತಿರುವಿ ತಿರುವಿ ನೋಡಿದಂತೆ ನೋಡಿದಳು. ಚಪ್ಪಲಿ ಅಂಗಡಿಯವನನ್ನು ಹೇಳಿದ ಕೈ, ಗೆಳತಿಯ ವಿಷಯ ಹೇಳಿದ ಕೈ, ಈಗ ಸುಮ್ಮನೆ ತೊಡೆಯ ಮೇಲಿತ್ತು.

"ಬರೀ ಬಣ್ಣಕ್ಕಾ?"

"ಬರೀ ಬಣ್ಣಕ್ಕೆ."

ಅಕ್ಕನ ಭುಜ ಕೆಳಗಿಳಿಯಿತು. ಬಾಯಿಂದ ಒಂದು ದೊಡ್ಡ ದನಿ ಹೊರಟಿತು, ಅಳುವೂ ನಗುವೂ ಸೇರಿದಂಥದ್ದು, ಜನ ನೋಡುತ್ತಾರೆಂದು ಅವಳು ಎಂದೂ ಹೊರಗೆ ಬಿಡದಿದ್ದ ದನಿ. ಕೆಳಗಿನ ಮನೆಯವರು ಏನಾಯಿತೆಂದು ಮೆಟ್ಟಿಲ ಬಳಿ ಬಂದು ಕೂಗಿದರು. ಅಕ್ಷರಮ್ಮ ಏನೂ ಇಲ್ಲ ಎಂದು ಕೂಗಿ ಹೇಳಿ, ಅಕ್ಕನ ಮುಂದೆ ನೆಲದ ಮೇಲೆ ಕೂತಳು.

"ಅದು ಅವರ ತಪ್ಪು ಕಣೇ, ನಂದಲ್ಲ," ಎಂದಳು ಅಕ್ಕ. ಇನ್ನೊಂದು ಸಲ ಹೇಳಿದಳು, ಈ ಸಲ ನಿಧಾನವಾಗಿ, ಒಂದೊಂದೇ ಬೆರಳು ಬಿಡಿಸಿ. "ನಂದಲ್ಲ."